ಬಸವನಗುಡಿಯ ನಮ್ಮ ಮನೆ ಕಟ್ಟಿದ್ದು ಯಾವಾಗ? ಹೆಂಚಿನ ಮೇಲೆ 1865 ಅಂತಿದೆ!

ತೆಂಕಣಬಾಗಿಲು

ಎಲ್ಲರಿಗೂ ನಮಸ್ಕಾರ. ಗಾಂಧಿ ಬಜಾರಿನಿಂದ ಹತ್ತು ನಿಮಿಷ ನಡೆದರೆ ಸಿಗೋ ಒಂದು ಅಡ್ಡರಸ್ತೆಯಲ್ಲಿ ನಮ್ಮ ಹಳೇ ಮನೆ ಇದೆ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಈಗ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಮತ್ತು ಅವನ ಸಂಸಾರ ಮಾತ್ರ ಅಲ್ಲಿದೆ. ಮನೆಯನ್ನ ಬಿಲ್ಡರ್‌ಗೆ ಕೊಡೋ ಮಾತು ನಡೀತಿದೆ, ಇನ್ನೂ ಯಾರೂ ಸಹಿ ಹಾಕಿಲ್ಲ. ಕೊಡ್ತೀವೋ ಬಿಡ್ತೀವೋ, ಅದಕ್ಕೆ ಮೊದಲು ಮನೆಯ ಕಥೆ ಸರಿಯಾಗಿ ಬರೆದಿಡಬೇಕು ಅಂತ ಕೂತಿದ್ದೀನಿ.

ಅಪ್ಪ ಹೇಳ್ತಿದ್ದ ಕಥೆ ಇದು: ಮುತ್ತಜ್ಜ ಚಿಕ್ಕಪೇಟೆಯ ಜವಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೀತಿದ್ದರು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆ ಬಿಟ್ಟು ಇಲ್ಲಿಗೆ ಬಂದು ಅದೇ ವರ್ಷ ಮನೆ ಕಟ್ಟಿದರು. ಇಷ್ಟೇ. ಕಾಗದಪತ್ರ ಏನೂ ಕೈಗೆ ಸಿಕ್ಕಿಲ್ಲ.

ಹೋದ ವಾರ ಹಿಂದಿನ ಕೋಣೆ ಸೋರ್ತಿದೆ ಅಂತ ಹೆಂಚು ಇಳಿಸಿದರು. ಹೆಂಚಿನ ಹೊಟ್ಟೆ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಅಂತ ಉಬ್ಬಕ್ಷರ! ಹಾಗಾದರೆ ಮನೆ ಪ್ಲೇಗ್‌ಗಿಂತ 33 ವರ್ಷ ಹಳೇದಾ? ಅಪ್ಪನ ಕಥೆ ತಪ್ಪಾ?

ಮನೆ ಹೀಗಿದೆ: ಮುಂದೆ ಜಗಲಿ, ಕಿಟಕಿಗಳ ಮೇಲೆ ಮಂಕಿ ಟಾಪ್ ಅನ್ನೋ ಚೂಪು ಮರದ ಮಾಡು, ಒಳಗೆ ಎತ್ತರದ ಹಾಲ್, ಅದಕ್ಕೆ ಮದ್ರಾಸ್ ತಾರಸಿ. ಹಿಂದೆ ಹೆಂಚಿನ ಎರಡು ಕೋಣೆ, ಅಡುಗೆಮನೆ, ಬಚ್ಚಲು, ಬಾವಿ. ಆಮೇಲೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಹಿಂದೆ ಮಲ ಸಾಗಿಸೋಕೆ ಬಿಟ್ಟಿದ್ದ ಓಣಿ.

ಕುಡ್ಲದ_ಹಂಚು

ಮಾರಾಯ್ರೇ, ಸ್ವಲ್ಪ ನಿಲ್ಲಿ. 1865 ಅಂದರೆ ಆ ಹಂಚು ಸುಟ್ಟ ವರ್ಷ ಅಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ವರ್ಷ ಅದು. ಅಚ್ಚಿನಲ್ಲಿ ಆ ವರ್ಷ ಹಾಗೇ ಉಳೀತು, ಮುಂದೆ ಎಷ್ಟೋ ದಶಕ ಅದೇ ಅಚ್ಚು. ನಮ್ಮೂರಲ್ಲಿ 1930ರಲ್ಲಿ ಕಟ್ಟಿದ ಮನೆ ಮೇಲೂ 1865 ಅಂತಲೇ ಉಂಟು. ಇನ್ನೊಂದು ಹಂಚಿನ ಕಂಪನಿ ಆಲ್ಬುಕರ್ಕ್‌ನವರ ಹಂಚಿನ ಮೇಲೆ 1868 ಅಂತ ಇರ್ತದೆ, ಅದೂ ಹಾಗೆಯೇ.

ಒಂದು ಸುಳಿವು ಮಾತ್ರ ಸಿಗ್ತದೆ. ಒಂದನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಮಿಷನ್ನಿನ ಕಾರ್ಖಾನೆಗಳನ್ನ ವಶಕ್ಕೆ ತಗೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಂಚಿನ ಮೇಲೆ ಕಾಮನ್‌ವೆಲ್ತ್ ಅಂತಿದ್ದರೆ ಯುದ್ಧದ ನಂತರದ್ದು. ನಿಮ್ಮದರಲ್ಲಿ ಆ ಹೆಸರು ಉಂಟಾ ನೋಡಿ.

ಪುಳಿಯೋಗರೆ_80

ಅಯ್ಯೋ, ನಮ್ಮ ಮಾವನ ಮನೆಯ ಬೋರ್ಡಲ್ಲಿ 'ಸ್ಥಾಪನೆ 1865' ಅಂತ ಹಿತ್ತಾಳೆ ಅಕ್ಷರ ಹಾಕಿಸಿದ್ದಾರೆ, ಹೆಂಚು ನೋಡ್ಕೊಂಡೇ. ಇವತ್ತೇ ಫೋನ್ ಮಾಡ್ತೀನಿ.

ತೆಂಕಣಬಾಗಿಲು

ಕುಡ್ಲದವರೇ, ನೋಡಿದೆ. ಇಳಿಸಿರೋ ನಲವತ್ತು ಚಿಲ್ಲರೆ ಹೆಂಚಲ್ಲಿ ಒಂದರ ಮೇಲೂ ಕಾಮನ್‌ವೆಲ್ತ್ ಇಲ್ಲ. ಎಲ್ಲಾ ಬಾಸೆಲ್ ಮಿಷನ್.

ಕುಡ್ಲದ_ಹಂಚು

ಹಾಗಾದರೆ ಹಿಂದಿನ ಕೋಣೆ ಯುದ್ಧಕ್ಕಿಂತ ಮೊದಲಿನದ್ದು ಅನ್ನುವುದಕ್ಕೆ ಬಲ ಬಂತು. ಆದರೆ ಹಂಚು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ವಸ್ತು. ಹಳೇ ಮನೆ ಬಿಚ್ಚಿದಾಗ ಯಾರೋ ಕೊಂಡು ಹೊದಿಸಿರಲೂಬಹುದು, ಅದು ತಲೆಯಲ್ಲಿರಲಿ.

ನೇರಮಾತು

ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿಗೆ ಆ ಹೆಂಚು ಬರೋಕೆ ಸಾಧ್ಯವೇ ಇಲ್ಲ. ಮನೆ 1907ರ ನಂತರದ್ದು, ಮುಗೀತು.

ಕುಡ್ಲದ_ಹಂಚು

ಯಾಕೆ ಸಾಧ್ಯ ಇಲ್ಲ? ಜೆಪ್ಪು ಒಂದೇ ಅಲ್ಲ, ಕಲ್ಲಿಕೋಟೆ ಕಡೆಯೂ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಇತ್ತು, ಆ ಕಡೆಗೆ ರೈಲು ಮೊದಲೇ ಇತ್ತು. ಘಟ್ಟ ಹತ್ತುವ ಎತ್ತಿನ ಗಾಡಿಯೂ ಇತ್ತು. ರೈಲು ಇಲ್ಲದಿದ್ದರೆ ಸಾಮಾನೇ ಓಡಾಡ್ತಿರಲಿಲ್ಲ ಅಂತ ಯಾರು ಹೇಳಿದ್ದು?

ಗಾರೆಕೆಲಸ

ನಮ್ಮ ತಂದೆ ಗಾರೆ ಮೇಸ್ತ್ರಿ, ನಾನು ಹಳೇ ಮನೆಗಳ ದುರಸ್ತಿ ಕೆಲಸ ಮಾಡ್ತೀನಿ. ಹೆಂಚು ಬಿಡಿ, ಹಾಲ್‌ಗೆ ಬನ್ನಿ. ಮದ್ರಾಸ್ ತಾರಸಿ ಅಂದ್ರಲ್ಲ, ಅದರ ಅಡಿಯಲ್ಲಿರೋದು ಮರದ ತೊಲೆಯಾ ಕಬ್ಬಿಣದ್ದಾ? ಕಬ್ಬಿಣದ್ದಾದರೆ ಏಣಿ ಹಾಕಿ ಹತ್ತಿ, ಬಣ್ಣ ಮೆತ್ತಗೆ ಕೆರೆದು ನೋಡಿ, ಹೊಟ್ಟೆಯ ಮೇಲೆ ಕಂಪನಿ ಹೆಸರು ಇರುತ್ತೆ. ಗೋಡೆಯಲ್ಲಿ ಎಲ್ಲಾದರೂ ಗಾರೆ ಉದುರಿದ ಜಾಗ ಇದ್ದರೆ ಹತ್ತಿರದಿಂದ ಫೋಟೋ ತೆಗೆದು ಹಾಕಿ, ಹಿಂದಿನ ಕೋಣೆದೊಂದು, ಹಾಲ್‌ದೊಂದು.

ತಾರಸಿ ಗೊತ್ತಿಲ್ಲದವರಿಗೆ: ತೊಲೆ ಮೇಲೆ ಸಾಗುವಾನಿ ರಿಪೀಸು (ಮರದ ಪಟ್ಟಿ), ಅದರ ಮೇಲೆ ತೆಳು ಇಟ್ಟಿಗೆಯನ್ನ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸಾಲು ಕಟ್ತಾರೆ. ಮೇಲೆ ಸುಣ್ಣ, ಇಟ್ಟಿಗೆ ಪುಡಿ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಿ ಹೆಂಗಸರು ಸಾಲಾಗಿ ಕೂತು ಮರದ ಹಲಗೆಯಲ್ಲಿ ದಿನಗಟ್ಟಲೆ ಬಡೀತಿದ್ದರು. ಬಡಿದ ಕೈ ಗಟ್ಟಿ ಇದ್ದರೆ ನೂರು ವರ್ಷ ಸೋರಲ್ಲ.

ವಾಡೆ_ಧಾರವಾಡ

ನಮ್ಮ ಕಡೆ ಮಣ್ಣಿನ ಮಾಳಿಗಿ ನೋಡ್ರಿ. ಜಂತಿ, ಅದರ ಮ್ಯಾಲೆ ಹಲಗಿ, ಅದರ ಮ್ಯಾಲೆ ಹಾಳಮಣ್ಣು. ಪ್ರತಿ ವರ್ಷ ಮಳಿಗಿಂತ ಮೊದಲು ಮಣ್ಣು ಹಾಕಬೇಕು. ಬ್ಯಾಸಗ್ಯಾಗ ಒಳಗ ತಣ್ಣಗಿರತದ.

ಪ್ಲೇಗಿನ ಮಾತು ಬಂತಲ್ಲ. ಮುಂಬೈದಾಗ 1896ರಾಗ ಸುರು ಆತು, ಮುಂದ ಹುಬ್ಬಳ್ಳಿಗೆ ಬಂತು. ಬೆಂಗಳೂರಿಗೆ 1898ರ ಆಗಸ್ಟ್‌ದಾಗ ಹುಬ್ಬಳ್ಳಿ ಕಡೆಯಿಂದನ ರೈಲಿನ್ಯಾಗ ಹೋತು ಅಂತಾರ. ನಮ್ಮ ಅಜ್ಜಿ ಹೇಳತಿದ್ರು, ಇಲಿ ಬಿತ್ತು ಅಂದ್ರ ಅಡಗಿ ಒಲಿಮ್ಯಾಲೆ ಇದ್ರೂ ಬಿಟ್ಟು ಹೊಲಕ್ಕ ಹೋಗಿ ಗುಡಿಸಲಾ ಹಾಕ್ಕೋತಿದ್ರಂತ. ಮನಿ ಮಾಡು ಬಿಚ್ಚಿ ಬಿಸಲಿಗೆ ಬಿಡತಿದ್ರು.

ಪೇಟೆಹುಡುಗಿ

ನನಗೆ ಈ 'ಪ್ಲೇಗ್ ಬಂತು, ಬಸವನಗುಡಿ ಆಯ್ತು' ಅನ್ನೋ ಒಂದೇ ಸಾಲಿನ ಕಥೆ ಕೇಳಿ ಸಾಕಾಗಿದೆ. ಪೇಟೆ ಉಸಿರುಗಟ್ಟಿ ಹೋಗಿತ್ತು, ಊರು ಹೊರಗೆ ಹಬ್ಬಬೇಕು ಅನ್ನೋ ಯೋಚನೆ ಪ್ಲೇಗ್‌ಗಿಂತ ಮೊದಲಿನದು. ಚಾಮರಾಜಪೇಟೆ 1892ರದು, ಅಂದರೆ ಆರು ವರ್ಷ ಮುಂಚೆ. ಅದೆಲ್ಲ ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲ. ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರದ ಕೆಲಸಕ್ಕೆ ವೇಗ ಬಂತು, ಜನ ಹೊರಡೋಕೆ ಒಪ್ಪಿದರು, ಅಷ್ಟು ನಿಜ.

ಇನ್ನೊಂದು. ಪ್ಲೇಗ್ 1898ಕ್ಕೆ ಬಂದು 1898ಕ್ಕೆ ಹೋಗಲಿಲ್ಲ. ಅದು ವರ್ಷವರ್ಷ ಮರಳಿ ಬರ್ತಿತ್ತು. ಇವತ್ತಿಗೂ ಬೆಂಗಳೂರಲ್ಲಿ ಪ್ಲೇಗಮ್ಮನ ಗುಡಿಗಳಿವೆ. ನಿಮ್ಮ ಅಪ್ಪ 'ಪ್ಲೇಗ್‌ನಲ್ಲಿ ಬಂದರು' ಅಂದಿದ್ದು ನಿಜವೇ ಇರಬಹುದು. ಆದರೆ ಅದು 1898ರ ಪ್ಲೇಗೇ ಅಂತ ಯಾಕೆ? ಮತ್ತೆ, ಹೆಣ ಬೀಳ್ತಿರೋ ಊರಲ್ಲಿ ಅದೇ ವರ್ಷ ಕೂಲಿಯಾಳು ಹಿಡಿದು ಮನೆ ಕಟ್ಟಿಸಿದರು ಅನ್ನೋದನ್ನ ನನಗೆ ನಂಬೋಕಾಗಲ್ಲ.

ನೇರಮಾತು

ಮನೆತನದ ಕಥೆಯನ್ನ ಹೀಗೆ ಹರಿದು ಹಾಕೋದು ಯಾಕೆ? ಹಿರಿಯರು ಹೇಳಿದ್ದಾರೆ, ಅದಕ್ಕೂ ಒಂದು ಬೆಲೆ ಇದೆ.

ಪೇಟೆಹುಡುಗಿ

ಬೆಲೆ ಇದೆ ಅಂತಲೇ ಕೇಳ್ತಿರೋದು ಸ್ವಾಮಿ. ನೀವೇ ಈಗಷ್ಟೇ 1907ರ ನಂತರದ್ದು, ಮುಗೀತು ಅಂದ್ರಲ್ಲ?

ದೂರದ_ಡಬ್ಲಿನ್

ನಾನು ಹದಿನೆಂಟು ವರ್ಷದಿಂದ ಐರ್ಲೆಂಡಿನಲ್ಲಿದ್ದೀನಿ. ನಮ್ಮ ಮನೆ ಬುಲ್ ಟೆಂಪಲ್ ರಸ್ತೆ ಹತ್ತಿರ ಇತ್ತು, 2009ರಲ್ಲಿ ಹೋಯ್ತು. ಹೋಗುವಾಗ ಯಾರೂ ಒಂದು ಸಾಲು ಬರೆದಿಡಲಿಲ್ಲ. ಫೋಟೋ ಅಂತ ಇರೋದೆಲ್ಲ ಹುಟ್ಟುಹಬ್ಬದವು. ಹಿಂದೆ ಅರ್ಧ ಕಿಟಕಿ, ಒಂದು ಬಾಗಿಲ ಮೂಲೆ ಅಷ್ಟೇ ಕಾಣುತ್ತೆ. ಆ ಬಾಗಿಲು ಯಾವ ಕೋಣೆದು ಅಂತ ನಾನು ನನ್ನ ತಮ್ಮ ಹೋದ ಸಲ ಗಂಟೆಗಟ್ಟಲೆ ವಾದ ಮಾಡಿದ್ವಿ. ದಯವಿಟ್ಟು ಖಾಲಿ ಕೋಣೆಗಳ ಫೋಟೋ ತೆಗೀರಿ. ಜನ ಇಲ್ಲದ ಫೋಟೋ. ಪ್ರತಿ ಗೋಡೆಯದೂ.

ಕಡಲೆಕಾಯಿ_ಪರಿಷೆ

ಬುಲ್ ಟೆಂಪಲ್ ರಸ್ತೆ ಅಂದ್ರಾ! ಕಾರ್ತೀಕದ ಕೊನೇ ಸೋಮವಾರ ಪರಿಷೆಗೆ ಹಿಂದಿನ ರಾತ್ರಿಯೇ ಗಾಡಿಗಳು ಬಂದು ರಸ್ತೆಯುದ್ದಕ್ಕೂ ನಿಲ್ತಿದ್ದವು. ನಮ್ಮ ಜಗಲಿ ಮೇಲೆ ಚಿಂತಾಮಣಿ ಕಡೆಯ ರೈತರು ಮಲಗ್ತಿದ್ದರು. ಬೆಳಿಗ್ಗೆ ಅಮ್ಮ ಅವರಿಗೆ ಕಾಫಿ ಕೊಡೋರು, ಅವರು ಸೇರುಗಟ್ಟಲೆ ಹಸಿ ಕಡಲೆಕಾಯಿ ಸುರಿದು ಹೋಗೋರು. ಈಗ ಜಗಲಿಯೇ ಇಲ್ಲ, ಕಾರ್ ನಿಲ್ಲಿಸ್ತಾರೆ.

ರವೆದೋಸೆ

ನಾವು ಪರಿಷೆ ಮುಗಿಸಿ ವಿದ್ಯಾರ್ಥಿ ಭವನದ ಮುಂದೆ ನಿಲ್ಲೋದು. 1943ರಿಂದ ಇದೆ ಅದು. ನಮ್ಮ ತಾತ ಶುರುವಾದ ಕಾಲದಲ್ಲೇ ತಿಂದಿದ್ದಾರೆ.

ಪುಳಿಯೋಗರೆ_80

ದೋಸೆಗೆ ಹೋದರೆ ಈ ಚರ್ಚೆ ವಾಪಸ್ ಬರಲ್ಲ. ಮನೆಗೆ ಬನ್ನಿ ಎಲ್ಲರೂ.

ತೆಂಕಣಬಾಗಿಲು

ಇವತ್ತು ಭಾನುವಾರ, ಏಣಿ ಹತ್ತಿದೆ! ಗಾರೆಕೆಲಸ ಅವರೇ, ಹಾಲ್‌ನ ತೊಲೆ ಎರಡೂ ಕಬ್ಬಿಣದವು. ಐದಾರು ಪದರ ಸುಣ್ಣ ಬಣ್ಣ ಕೆರೆದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಟಿಸ್ಕೋ ಅಂತ ಕಾಣಿಸ್ತು. ಹಿಂದಿನ ಕೋಣೆಯಲ್ಲಿ ಗಾರೆ ಉದುರಿದ ಕಡೆ ಕೆಂಪು ಮಣ್ಣೇ ಮಣ್ಣು, ಇಟ್ಟಿಗೆಯೂ ಚಿಕ್ಕದು. ಹಾಲ್‌ನ ಗೋಡೆಯಲ್ಲಿ ಸುಣ್ಣದ ಗಾರೆ, ಇಟ್ಟಿಗೆ ದೊಡ್ಡದು. ಫೋಟೋ ಹಾಕಿದ್ದೀನಿ.

ಮತ್ತೊಂದು ಕಣ್ಣಿಗೆ ಬಿತ್ತು, ಇಷ್ಟು ವರ್ಷ ಅಲ್ಲೇ ಓಡಾಡಿದರೂ ಗಮನಿಸಿರಲಿಲ್ಲ. ಹಿಂದಿನ ಎರಡೂ ಕೋಣೆಗಳಲ್ಲಿ, ಅಡುಗೆಮನೆಯಲ್ಲಿ ದೀಪ ಇಡೋ ಗೂಡುಗಳಿವೆ. ಗೂಡಿನ ಮೇಲುಗಡೆ ಎಷ್ಟು ಸುಣ್ಣ ಹೊಡೆದರೂ ಕಪ್ಪು ಮತ್ತೆ ಮತ್ತೆ ಎದ್ದು ಬರುತ್ತೆ. ಹಾಲ್‌ನಲ್ಲಿ ಒಂದೂ ಗೂಡಿಲ್ಲ.

ಗಾರೆಕೆಲಸ

ಚಿನ್ನದಂಥ ಕೆಲಸ ಮಾಡಿದ್ರಿ. ಟಿಸ್ಕೋ ಅಂದರೆ ಟಾಟಾ. ಜಮ್‌ಶೇಡ್‌ಪುರದಲ್ಲಿ ಮೊದಲ ಉಕ್ಕು ಬಂದಿದ್ದೇ 1912ರಲ್ಲಿ. ಆ ತೊಲೆ ಅದಕ್ಕಿಂತ ಮುಂಚೆ ನಿಮ್ಮ ಮನೆಗೆ ಬರೋಕೆ ದಾರಿಯೇ ಇಲ್ಲ. ಬೆಂಗಳೂರಲ್ಲಿ ಮೊದಲ ವಿದ್ಯುತ್ ಬೀದಿದೀಪ ಉರಿದದ್ದು 1905ರ ಆಗಸ್ಟ್ 5ಕ್ಕೆ, ಶಿವನಸಮುದ್ರದ ಕರೆಂಟಿನಲ್ಲಿ. ಮನೆಮನೆಗೆ ಬರೋಕೆ ಇನ್ನೂ ವರ್ಷಗಳು ಹಿಡಿದವು. ಗೂಡಿರೋ ಭಾಗ, ಗೂಡಿಲ್ಲದ ಭಾಗ... ನಿಮ್ಮದು ಒಂದು ಮನೆ ಅಲ್ಲ, ಎರಡು ಮನೆ. ಹಿಂದಿನದು ಮೊದಲು, ಮುಂದಿನದು ಆಮೇಲೆ ಅಂಟಿಸಿದ್ದು.

ಹಾಲ್‌ನಿಂದ ಹಿಂದಿನ ಕೋಣೆಗೆ ಹೋಗೋ ಬಾಗಿಲು ನೋಡಿ. ಅದು ಒಳಬಾಗಿಲಿಗಿಂತ ದಪ್ಪ ಇದೆಯಾ? ಹೊಸ್ತಿಲು ಎತ್ತರ ಇದೆಯಾ?

ತೆಂಕಣಬಾಗಿಲು

ದೇವರಾಣೆ ಮೈ ಜುಮ್ ಅಂತು. ಆ ಬಾಗಿಲಿನ ಚೌಕಟ್ಟು ಮುಂಬಾಗಿಲಿಗಿಂತ ಅಗಲ. ಮೇಲುಪಟ್ಟಿಯಲ್ಲಿ ಗಜಲಕ್ಷ್ಮಿ ಕೆತ್ತನೆ ಇದೆ. ಒಳಗಿನ ಬಾಗಿಲಿಗೆ ಯಾಕೆ ಲಕ್ಷ್ಮಿ ಅಂತ ಚಿಕ್ಕವನಿದ್ದಾಗ ಕೇಳಿದ್ದೆ, ಯಾರೂ ಉತ್ತರ ಕೊಟ್ಟಿರಲಿಲ್ಲ. ಹೊಸ್ತಿಲು ನಡುವೆ ಸವೆದು ಬಟ್ಟಲಿನ ಥರ ತಗ್ಗಾಗಿದೆ, ಮುಂಬಾಗಿಲಿನದು ಅಷ್ಟು ಸವೆದಿಲ್ಲ. ಅಂದರೆ ಅದೇ ಮೊದಲಿನ ಮುಂಬಾಗಿಲು!

ಪೇಟೆಹುಡುಗಿ

ನೂರು ವರ್ಷದಿಂದ ನಿಮ್ಮನೆ ಲಕ್ಷ್ಮಿ ಒಳಗೆ ನಿಂತು ಬೀದಿ ನೋಡ್ತಿದ್ದಾಳೆ.

ಕಡತಪ್ರಿಯ

ಈಗ ಕಾಗದಕ್ಕೆ ಬರೋಣ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ (ಇ.ಸಿ.) 2004ರಿಂದ ಈಚೆಗೆ ಮಾತ್ರ ಸಿಗೋದು. ಅದಕ್ಕೆ ಹಿಂದಿನದು ಬೇಕಾದರೆ ಉಪನೋಂದಣಿ ಕಚೇರಿಗೇ ಹೋಗಿ ಅರ್ಜಿ ಹಾಕಿ, ಹಳೇ ಸೂಚಿಗಳನ್ನ ಹುಡುಕಿಸಬೇಕು. ಹೆಸರಿನ ಸೂಚಿ ಬೇರೆ, ಸ್ವತ್ತಿನ ಸೂಚಿ ಬೇರೆ, ಎರಡನ್ನೂ ಕೇಳಿ. ಬಸವನಗುಡಿ ಅಂತ ಮಾತ್ರ ಹುಡುಕಿಸಬೇಡಿ, ಸುಂಕೇನಹಳ್ಳಿ ಅಂತಲೂ ಹುಡುಕಿಸಿ. ಆ ಜಾಗದ ಹಳೇ ಹೆಸರು ಅದು. ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರ ಇದೆ, ಮೈಸೂರು ಸರ್ಕಾರದ ಹಳೇ ಕಡತಗಳು ಅಲ್ಲಿವೆ, ಅಲ್ಲೂ ಒಮ್ಮೆ ಹೋಗಿ ಬನ್ನಿ.

ಇನ್ನು ಯಾರೂ ಹೇಳದ ದಾರಿಯೊಂದಿದೆ. ನಿಮ್ಮ ಪತ್ರ ಸಿಗದಿದ್ದರೆ ಪಕ್ಕದ ಮನೆಯವರ ಪತ್ರ ಕೇಳಿ. ಪ್ರತಿ ಕ್ರಯಪತ್ರದಲ್ಲೂ ಚಕ್ಕುಬಂದಿ ಬರೀಬೇಕು. ಮೂಡಲು ಏನಿದೆ, ಪಡುವಲು ಏನಿದೆ, ತೆಂಕಲು, ಬಡಗಲು ಯಾರ ಮನೆ ಅಂತ. ನಿಮ್ಮ ಮನೆ ಅವರ ಪತ್ರದ ಒಂದು ದಿಕ್ಕಿನಲ್ಲಿ ಇದ್ದೇ ಇರುತ್ತೆ. ಆ ವರ್ಷ ನಿಮ್ಮದು ಖಾಲಿ ನಿವೇಶನವೋ ಮನೆಯೋ, ಯಾರ ಹೆಸರಿನಲ್ಲಿತ್ತು, ಎಲ್ಲ ಅಲ್ಲೇ ಗೊತ್ತಾಗುತ್ತೆ.

ಕುಡ್ಲದ_ಹಂಚು

ಇದು ಲಾಯ್ಕ್ ಉಂಟು.

ನೇರಮಾತು

ಇಷ್ಟೆಲ್ಲ ಓಡಾಡಿ ಏನು ಸಿಗುತ್ತೆ? ಬೇಜಾರು ಮಾಡ್ಕೋಬೇಡಿ. ನಮ್ಮದೂ ಹಳೇ ಮನೆ ಇತ್ತು, ಶಂಕರಪುರದಲ್ಲಿ. ಗೆದ್ದಲು ಹಿಡಿದ ತೊಲೆ ಬದಲಿಸೋಕೆ ಸಾಲ ಮಾಡಿದೆ. ಮಳೆಗಾಲದಲ್ಲಿ ಐದು ಕಡೆ ಬಕೆಟ್ ಇಟ್ಟು ಮಲಗ್ತಿದ್ವಿ. ಅಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡರು. ಹೊರಗಿನಿಂದ ಬಂದವರು 'ಅಯ್ಯೋ ಎಷ್ಟು ಚಂದದ ಮನೆ' ಅಂತ ಫೋಟೋ ತಗೊಂಡು ಹೋಗೋರು, ಬಕೆಟ್ ಎತ್ತಿ ಚೆಲ್ಲಿದ್ದು ನಾನು. ಮಾರಿದೆ. ಈಗ ಅಮ್ಮ ಲಿಫ್ಟ್ ಇರೋ ಮನೆಯಲ್ಲಿ ನೆಮ್ಮದಿಯಾಗಿದ್ದಾರೆ. ಮಾರೋರನ್ನ ಪಾಪಿಗಳ ಥರ ನೋಡಬೇಡಿ.

ದೂರದ_ಡಬ್ಲಿನ್

ಯಾರೂ ಹಾಗೆ ನೋಡಿಲ್ಲ. ನಾವೂ ಮಾರಿದವರೇ. ನನಗೆ ಮಾರಿದ್ದಕ್ಕಲ್ಲ, ಬರೆದಿಡದೆ ಮಾರಿದ್ದಕ್ಕೆ ಸಂಕಟ.

ಗಾರೆಕೆಲಸ

ನೇರಮಾತು ಅವರ ಮಾತನ್ನ ತಳ್ಳಿ ಹಾಕಲ್ಲ. ಆದರೆ ಒಂದು ಸೇರಿಸ್ತೀನಿ. ಅರ್ಧಕ್ಕರ್ಧ ಹಳೇ ಮನೆಗಳು ಸೋರೋದು ಸಿಮೆಂಟ್ ಹಾಕಿದ ಮೇಲೆ. ಸುಣ್ಣದ ಗೋಡೆ ಉಸಿರಾಡುತ್ತೆ, ತೇವ ಹೀರುತ್ತೆ, ಬಿಡುತ್ತೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಡಿದರೆ ತೇವ ಒಳಗೇ ಕೂತು ಇಟ್ಟಿಗೆ ಕೊಳೆಯುತ್ತೆ. ತಾರಸಿಗೂ ಅಷ್ಟೇ. ದುರಸ್ತಿ ಮಾಡಿದವರೇ ಮನೆ ಕೆಡಿಸಿರ್ತಾರೆ, ಬಯ್ಗುಳ ಮನೆಗೆ.

ಕರಾರುಪತ್ರ

ನಾನು ವಕೀಲೆ. ಕಥೆ ಬರೀರಿ, ಸಂತೋಷ. ಆದರೆ ಬಿಲ್ಡರ್ ವಿಷಯ ಎತ್ತಿದ್ದರಿಂದ ಕೇಳ್ತೀನಿ: ಮನೆಯ ಹೆಣ್ಣುಮಕ್ಕಳನ್ನ ಕೇಳಿದ್ದೀರಾ? ನೀವು ದೊಡ್ಡಪ್ಪ, ಅಪ್ಪ, ಅಣ್ಣ ಅಂತ ಮಾತ್ರ ಬರೆದಿದ್ದೀರಿ. ಅತ್ತೆಯಂದಿರು ಇಲ್ಲವಾ?

ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಂಗಸರ ಹಕ್ಕಿನ ಕಾನೂನು ಬಂತು, ಪಾಲಾಗುವಾಗ ವಿಧವೆಗೆ, ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ದೇಶದಲ್ಲಿ ಬಹಳ ಮುಂದಿದ್ದ ಕಾನೂನು ಅದು. 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ, ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುದಾರರು ಅಂತ ಮಾಡಿದವು. ಮೂಲ ಪತ್ರ ಯಾರ ಹೆಸರಿನಲ್ಲಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ. ಅದು ಸಿಗೋವರೆಗೆ ಯಾವುದಕ್ಕೂ ಸಹಿ ಬೇಡ.

ತೆಂಕಣಬಾಗಿಲು

ಒಬ್ಬರು ಅತ್ತೆ ಇದ್ದಾರೆ, 91 ವರ್ಷ, ಜಯನಗರದಲ್ಲಿ ಮಗಳ ಮನೆಯಲ್ಲಿ. ನಾಚಿಕೆಯಿಂದ ಹೇಳ್ತೀನಿ, ಮನೆಯ ಕಥೆ ಅವರನ್ನ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಈ ವಾರ ಹೋಗ್ತೀನಿ.

ವಾಡೆ_ಧಾರವಾಡ

ಲಗೂನ ಹೋಗ್ರಿ. ಫೋನಿನ್ಯಾಗ ರೆಕಾರ್ಡ್ ಮಾಡ್ರಿ. ಪ್ರಶ್ನೆ ಕೇಳಬ್ಯಾಡ್ರಿ, ಹಳೇ ಫೋಟೋ ಕೈಯಾಗ ಕೊಟ್ಟು ಸುಮ್ನ ಕೂಡ್ರಿ. ತಾವ ಮಾತಾಡತಾರ.

ತೆಂಕಣಬಾಗಿಲು

ಹನ್ನೆರಡು ದಿನ ಆಯ್ತು, ಕ್ಷಮಿಸಿ. ಹೇಳೋದು ತುಂಬ ಇದೆ.

ಮೊದಲು ಪಕ್ಕದ ಮನೆ. ನಮ್ಮ ಬಡಗಲು ಪಕ್ಕದಲ್ಲಿ ಒಬ್ಬರು ಹಿರಿಯ ಹೆಂಗಸು ಒಂಟಿಯಾಗಿದ್ದಾರೆ. ಚಕ್ಕುಬಂದಿ ಅಂದ ಕೂಡಲೇ ಅರ್ಥ ಮಾಡ್ಕೊಂಡರು, ಮಂಚದ ಕೆಳಗಿನ ತಗಡಿನ ಟ್ರಂಕ್ ಎಳೆದರು. ಬಿಳಿ ಮಲ್ಲು ಪಂಚೆಯಲ್ಲಿ ಸುತ್ತಿದ್ದ ಪತ್ರ, 1906ರದು. ಮಡಿಕೆಗಳಲ್ಲಿ ಹರಿದಿದೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಮಾತ್ರ ಮುತ್ತಿನ ಥರ. ಚಕ್ಕುಬಂದಿಯಲ್ಲಿ ಮೂಡಲು ರಸ್ತೆ, ಪಡುವಲು ಗಲ್ಲಿ, ಬಡಗಲು ಖಾಲಿ ನಿವೇಶನ. ತೆಂಕಲು ನಾವು. ಅಲ್ಲಿ ಮುತ್ತಜ್ಜನ ಹೆಸರಿದೆ, ಆದರೆ ಅದು ಮೊದಲು ಬರಲ್ಲ. ಮೊದಲು ಒಬ್ಬ ಹೆಂಗಸಿನ ಹೆಸರು. ಅದರ ಮುಂದೆ 'ಕೋಂ' ಅಂತ ಬರೆದು ಆಮೇಲೆ ಮುತ್ತಜ್ಜನ ಹೆಸರು. ಕೊನೆಗೆ 'ಇವರ ವಾಸದ ಮನೆ'.

ಕೋಂ ಅಂದರೆ ಏನು ಅಂತ ನಾನು ಕೇಳಿದೆ. 'ಹೆಂಡತಿ ಕಣಪ್ಪಾ. ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ' ಅಂದರು ಅವರು. ಮನೆ ಮುತ್ತಜ್ಜಿಯ ಹೆಸರಿನಲ್ಲಿತ್ತು!

ಆ ಹೆಸರು ಹಿಡಿದು ಉಪನೋಂದಣಿ ಕಚೇರಿಗೆ ಹೋದೆ. ಇಷ್ಟು ದಿನ ಮುತ್ತಜ್ಜನ ಹೆಸರು ಕೊಟ್ಟು ಹುಡುಕಿಸ್ತಿದ್ದೆ, ಎಲ್ಲಿಂದ ಸಿಗಬೇಕು? ಮೂರನೇ ಸಲ ಹೋದಾಗ ಸಿಕ್ಕಿತು. 1901ರ ಕ್ರಯಪತ್ರ, ಸುಂಕೇನಹಳ್ಳಿ ಅಂತಲೇ ಇದೆ, ಖಾಲಿ ನಿವೇಶನ, ಕೊಂಡವರು ಮುತ್ತಜ್ಜಿ. ಸಹಿ ಇರಬೇಕಾದ ಕಡೆ ಹೆಬ್ಬೆಟ್ಟಿನ ಗುರುತು ಅಂತ ನಕಲು ಮಾಡಿದವರು ಬರೆದಿದ್ದಾರೆ.

ಆಮೇಲೆ ಅತ್ತೆ. ಧಾರವಾಡದವರು ಹೇಳಿದ ಹಾಗೆ ಹಳೇ ಫೋಟೋ ಕೈಗೆ ಕೊಟ್ಟು ಸುಮ್ಮನೆ ಕೂತೆ. ಅರ್ಧ ಗಂಟೆ ಬೇರೆ ಏನೇನೋ ಮಾತಾಡಿದರು. ಆಮೇಲೆ ತಾವಾಗೇ, 'ಇದು ನಮ್ಮಜ್ಜಿ ಮನೆ ಕಣೋ, ನಿಮ್ಮ ಗಂಡಸರಿಗೆ ಯಾರಿಗೂ ಗೊತ್ತಿಲ್ಲ' ಅಂದರು. ಅವರಿಗೆ ಅವರಮ್ಮ ಹೇಳಿದ್ದಂತೆ. ಪ್ಲೇಗಿನಲ್ಲಿ ಮುತ್ತಜ್ಜಿಯ ಎರಡು ಮಕ್ಕಳು ಒಂದೇ ವಾರದಲ್ಲಿ ಹೋದವು. ಊರಾಚೆ ಜೋಪಡಿಯಲ್ಲಿದ್ದರು, ಆಮೇಲೆ ಯಾರದೋ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗೆ. ಜ್ವರ ತಗ್ಗಿದ ಮೇಲೆ ಮುತ್ತಜ್ಜ ಪೇಟೆಗೆ ವಾಪಸ್ ಹೋಗೋಣ, ಅಂಗಡಿ ಹತ್ತಿರ ಆಗುತ್ತೆ ಅಂದರಂತೆ. ಆಕೆ ಒಪ್ಪಲಿಲ್ಲ. ಆ ಮನೆ ಹೊಸ್ತಿಲು ಮತ್ತೆ ತುಳಿಯಲ್ಲ ಅಂದುಬಿಟ್ಟರು. ತಾಯಿಮನೆಯವರು ಹಾಕಿದ್ದ ಕಾಸಿನ ಸರ, ಡಾಬು ಬಿಚ್ಚಿ ಕೊಟ್ಟು ಜಾಗ ಕೊಂಡರು. ನಮ್ಮ ಅಜ್ಜ ಹುಟ್ಟಿದ್ದು ಇಲ್ಲೇ, ಗಜಲಕ್ಷ್ಮಿ ಬಾಗಿಲಿನ ಒಳಗಿನ ಕೋಣೆಯಲ್ಲಿ.

ಹಾಲ್ ಬಗ್ಗೆ ಕೇಳಿದೆ. 'ಅದು ಅಪ್ಪನ ಮದುವೆಗೆ ಕಟ್ಟಿಸಿದ್ದು, ಬೀಗರು ಬಂದು ಕೂರೋಕೆ ಜಾಗ ಬೇಕಲ್ಲ' ಅಂದರು. ಅಜ್ಜನ ಲಗ್ನಪತ್ರಿಕೆ ಅತ್ತೆಯ ಹತ್ತಿರವೇ ಇದೆ. 1927.

ಗಾರೆಕೆಲಸ

ಟಾಟಾ ತೊಲೆ 1927ಕ್ಕೆ ಸರಿಯಾಗಿ ಕೂತ್ಕೊಳ್ಳುತ್ತೆ. ಹಿಂದಿನ ಕೋಣೆ 1901 ಮತ್ತು 1906ರ ನಡುವೆ. ಇದಕ್ಕಿಂತ ಗಟ್ಟಿಯಾಗಿ ಯಾವ ಇಂಜಿನಿಯರೂ ಹೇಳಲಾರ.

ಕುಡ್ಲದ_ಹಂಚು

1906ಕ್ಕೆ ಮನೆ ಇತ್ತು, ಮಂಗಳೂರಿಗೆ ರೈಲು 1907ಕ್ಕೆ. ನೇರಮಾತು ಅವರೇ, ಎತ್ತಿನ ಗಾಡಿ ನೆನಪಿರಲಿ!

ನೇರಮಾತು

ಒಪ್ಪಿದೆ. ಮೊದಲು ಹುಲ್ಲೋ ನಾಡಹೆಂಚೋ ಹಾಕಿ ಆಮೇಲೆ ಬದಲಿಸಿರಬಹುದು ಅಂತ ವಾದ ಮಾಡೋಕೆ ಜಾಗ ಇದೆ, ಆದರೆ ಇವತ್ತು ಬೇಡ. ಆ ತಾಯಿಯ ಕಥೆ ಓದಿ ನಮ್ಮಮ್ಮನಿಗೆ ಜೋರಾಗಿ ಓದಿ ಹೇಳಿದೆ. ಅಮ್ಮ ಶಂಕರಪುರದ ಮನೆಯ ಬಗ್ಗೆ ಮೊದಲನೇ ಸಲ ಮಾತಾಡಿದರು.

ಪೇಟೆಹುಡುಗಿ

ಬರೆದಿಡ್ಕೊಳ್ಳಿ, ಈಗಲೇ.

ಕರಾರುಪತ್ರ

ತೆಂಕಣಬಾಗಿಲು, ಇದು ಈಗ ಬರೀ ಕಥೆಯಲ್ಲ. ತಾಯಿಮನೆ ಒಡವೆ ಮಾರಿ ತನ್ನ ಹೆಸರಿನಲ್ಲಿ ಕೊಂಡದ್ದು ಸ್ತ್ರೀಧನ, ಅಂದರೆ ಹೆಂಗಸಿನ ಸ್ವಂತ ಆಸ್ತಿ, ಅಂತ ತೀರ್ಮಾನವಾದರೆ ಹಾದಿ ಬೇರೆಯಾಗುತ್ತೆ. 1956ರ ಹಿಂದೂ ಉತ್ತರಾಧಿಕಾರ ಕಾನೂನಿಗೆ ಮೊದಲು ತೀರಿಕೊಂಡಿದ್ದರೆ ಮಿತಾಕ್ಷರ ಅನ್ನೋ ಹಳೇ ಹಿಂದೂ ಧರ್ಮಶಾಸ್ತ್ರದ ಕ್ರಮ. ಅದರಲ್ಲಿ ಸ್ತ್ರೀಧನ ಮೊದಲು ಹೆಣ್ಣುಮಕ್ಕಳ ಕಡೆ ಹೋಗುತ್ತೆ. ಮುತ್ತಜ್ಜಿಗೆ ಹೆಣ್ಣುಮಕ್ಕಳಿದ್ದರಾ, ಅವರ ವಂಶದವರು ಯಾರು, ಎಂದು ತೀರಿಕೊಂಡರು, ನಡುವೆ ಪಾಲುಪತ್ರ ಆಗಿದೆಯಾ, ಇಷ್ಟನ್ನೂ ಹಿಡ್ಕೊಂಡು ಹತ್ತಿರದ ಸಿವಿಲ್ ವಕೀಲರ ಹತ್ತಿರ ಹೋಗಿ. ಅಣ್ಣನಿಗೂ ತಿಳಿಸಿ. ಮುಚ್ಚಿಟ್ಟರೆ ನಾಳೆ ಜಗಳ.

ತೆಂಕಣಬಾಗಿಲು

ಅಣ್ಣನಿಗೆ ಪತ್ರದ ನಕಲು ಕೊಟ್ಟೆ. ಅವನು ಬಹಳ ಹೊತ್ತು ಹೆಬ್ಬೆಟ್ಟು ಅಂತ ಬರೆದ ಜಾಗವನ್ನೇ ನೋಡ್ತಾ ಕೂತಿದ್ದ. ಬಿಲ್ಡರ್‌ಗೆ ಈ ತಿಂಗಳು ಬೇಡ ಅಂತ ಅವನೇ ಫೋನ್ ಮಾಡಿದ. ಮುಂದೇನು ಅಂತ ಅತ್ತೆ, ಅವರ ಮಕ್ಕಳು ಎಲ್ಲಾ ಕೂತು ಮಾತಾಡ್ಬೇಕು. ಕೊಟ್ಟರೂ ಕೊಡಬಹುದು. ಅವನ ಕಷ್ಟವೂ ಸುಳ್ಳಲ್ಲ, ಸೋರೋ ಮನೆಯಲ್ಲಿ ಇರೋನು ಅವನು.

ಅತ್ತೆಯನ್ನ ಮುಂದಿನ ಭಾನುವಾರ ಮನೆಗೆ ಕರ್ಕೊಂಡು ಬರ್ತಿದ್ದೀವಿ. ಆರು ವರ್ಷವಾಯ್ತಂತೆ ಅವರು ಈ ಹೊಸ್ತಿಲು ದಾಟಿ.

ಗಾರೆಕೆಲಸ

ನಾನೂ ಬರಬಹುದಾ? ಟೇಪು, ಕಾಗದ ತರ್ತೀನಿ. ಹಿಂದಿನ ಕೋಣೆ, ಬಾವಿ ಎರಡರದೂ ಅಳತೆ ತೆಗೆದು ನಕ್ಷೆ ಬರೆದುಕೊಡ್ತೀನಿ, ದುಡ್ಡು ಬೇಡ. ಬಾವಿಕಟ್ಟೆ ಕಲ್ಲಿನಲ್ಲಿ ಹಗ್ಗದ ಗೀರು ಇದೆಯಾ?

ತೆಂಕಣಬಾಗಿಲು

ಖಂಡಿತ ಬನ್ನಿ, ಊಟಕ್ಕೇ ಬನ್ನಿ. ಗೀರು ಇದೆ, ಏಳು. ಒಂದೊಂದರಲ್ಲೂ ನನ್ನ ತೋರುಬೆರಳು ಪೂರ್ತಿ ಕೂರುತ್ತೆ.

ದೂರದ_ಡಬ್ಲಿನ್

ಖಾಲಿ ಗೋಡೆಗಳ ಫೋಟೋ ಮರೀಬೇಡಿ. ಗೂಡುಗಳದೂ.